ಇದ್ದಲ್ಲೇ ದೂರವಾದ ಹೊಲ

ರಾಜಾಜಿನಗರದ ಒಬ್ಬ ತೆರಿಗೆ ವಕೀಲರ ಬಳಿ ನಾನು ಜೂನಿಯರ್ ಆಗಿದ್ದಾಗಿನ ಮಾತು. ಮೆಟ್ರೋ ಇನ್ನೂ ಬಂದಿರಲಿಲ್ಲ. ನಮ್ಮ ಕಕ್ಷಿದಾರರೊಬ್ಬರು ಹೂಡಿಕೆಗೆಂದು ಕೊಂಡಿಟ್ಟಿದ್ದ ಕೆಂಗೇರಿಯಾಚೆಯ ರಾಗಿ ಹೊಲವನ್ನು ಕೋಟಿಗಟ್ಟಲೆ ಲಾಭಕ್ಕೆ ಮಾರಿದ್ದರು. ಹೊಲ ನಗರದ ಗಡಿಯಿಂದ ಎಂಟು ಕಿಲೋಮೀಟರ್ ಆಚೆಗಿದ್ದರೆ ಆ ಲಾಭಕ್ಕೆ ತೆರಿಗೆಯಿಲ್ಲ. ಇಲಾಖೆಯವರು ನಕ್ಷೆಯ ಮೇಲೆ ಸ್ಕೇಲಿಟ್ಟು ನೇರ ಗೆರೆ ಎಳೆದು, ಒಳಗೇ ಇದೆ ಎಂದರು. ಇವರು ಕೋರ್ಟಿಗೆ ಹೋದರು.

ನಮ್ಮ ಸೀನಿಯರ್ ಎದ್ದು ನಿಂತು, "ನನ್ನ ಕಕ್ಷಿದಾರರು ಹಕ್ಕಿಯಲ್ಲ ಮೈ ಲಾರ್ಡ್, ರಸ್ತೆಯಲ್ಲೇ ಹೋಗಬೇಕು" ಎಂದು ಶುರು ಮಾಡಿದರು. ಕೆರೆ ಏರಿಯ ಸುತ್ತು, ರೈಲ್ವೆ ಗೇಟು, ಹುಣಸೆಮರದ ತಿರುವು, ಒಂದನ್ನೂ ಬಿಡಲಿಲ್ಲ. ನಾನು ಬಾಯಿ ಬಿಟ್ಟುಕೊಂಡು ಕೂತಿದ್ದೆ. ಹೊಲ ಇದ್ದಲ್ಲೇ ಇತ್ತು. ಆದರೂ ಒಂದೊಂದು ತಿರುವಿಗೂ ಊರಿಂದ ದೂರ ಸರಿಯುತ್ತಾ, ಸಂಜೆ ಹೊತ್ತಿಗೆ ತೆರಿಗೆಯ ಕೈಗೆ ಸಿಗದಷ್ಟು ಆಚೆ ಹೋಗಿ ನಿಂತಿತ್ತು. ಅಂಥ ವಾದ ನಾನು ಮತ್ತೆ ಕೇಳಿಲ್ಲ. ತೀರ್ಪು ಅಲ್ಲೇ ಬಂತು. ಗೆದ್ದಿದ್ದೆವು.

ಅವತ್ತು ಕಕ್ಷಿದಾರರ ಕಾರು ಗ್ಯಾರೇಜಿನಲ್ಲಿತ್ತು. ಅವರೂ ನಾನೂ ಆಟೋದಲ್ಲಿ ಆಫೀಸಿಗೆ ಬಂದೆವು. ಮೀಟರ್ ನೋಡಿದವರೇ ಡ್ರೈವರ್ ಮೇಲೆ ರೇಗಿದರು. "ಏನಪ್ಪಾ, ಕೋರ್ಟಿಂದ ಇಲ್ಲಿಗೆ ಇಷ್ಟಾಗುತ್ತಾ? ಊರೆಲ್ಲಾ ಸುತ್ತಿಸ್ಕೊಂಡು ಬಂದಿದೀಯಲ್ಲ!"

"ರೋಡ್ ಇರೋದೇ ಹಂಗೆ ಸಾರ್. ನಾನೇನು ಹಾರ್ಕೊಂಡು ಬರ್ಲಾ?"

ನಾನು ಫೈಲುಗಳನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡೆ. ಇದೇ ಮಾತಿಗೆ ನಮ್ಮ ಸೀನಿಯರ್ ತೆಗೆದುಕೊಂಡ ಫೀಸು ಆ ಮೀಟರಿನಲ್ಲಿ ಬೀಳಬೇಕಾದರೆ ಆಟೋ ದಿಲ್ಲಿಗೆ ಹೋಗಿಬರಬೇಕಿತ್ತು, ಅದೂ ಸುತ್ತು ದಾರಿಯಲ್ಲಿ.