ಹುಲ್ಲಿನ ಮೇಲಿನ ಅಂಗಿಗಳು

ನಮ್ಮ ಕಿತೇರಿಯಾ ಅತ್ತೆ ಯಾರನ್ನೂ ನಂಬಿದವಳಲ್ಲ. ಪಾದ್ರಿಯ ನಿಲುವಂಗಿ ಒಗೆಯಲು ಬಂದರೂ ಅವರ ಕಣ್ಣೆದುರೇ ಗುಂಡಿ ಎಣಿಸುತ್ತಿದ್ದಳು. "ಆಮೇಲೆ ಒಂದು ಕಮ್ಮಿ ಆಯ್ತು, ನೀನೇ ಕಳ್ಳಿ ಅಂದ್ರೆ?" ಎನ್ನುತ್ತಿದ್ದಳು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಜರ್ಮನಿಯ ವಿರುದ್ಧ ಯುದ್ಧ ಶುರುವಾಗಿ, ಅಮೆರಿಕದ ಸೈನಿಕರು ಬ್ರೆಜಿಲಿನ ನಮ್ಮ ನತಾಲ್ ಊರಿನ ಹೊರಗೆ ವಿಮಾನ ನೆಲೆ ಕಟ್ಟಿದ ಮೇಲೆ ನಲವತ್ತು ಜನರ ಬಟ್ಟೆ ಅವಳ ಪಾಲಿಗೆ ಬಂತು. ಕೆರೆಯಲ್ಲಿ ಒಗೆದು, ಹುಲ್ಲಿನ ಮೇಲೆ ಹರವಿ, ಮರಗೆಣಸಿನ ಗಂಜಿ ಹಾಕಿ ಇಸ್ತ್ರಿ ಮಾಡುವುದು ನಮ್ಮಿಬ್ಬರ ಕೆಲಸ. ಗಂಡ ಸತ್ತ ಮೇಲೆ ಮೊದಲ ಸಲ ಅವಳ ಒಲೆಯ ಮೇಲೆ ದಿನಾ ಮಾಂಸ ಬೇಯುತ್ತಿತ್ತು. ಆದರೂ ಆ ಸೈನಿಕರ ನಗು ಕಂಡರೆ ಅವಳಿಗೆ ಗುಮಾನಿ. "ಕಾರಣ ಇಲ್ದೆ ಹಲ್ಲು ಕಿರಿಯೋರು ಕಾರಣ ಇಲ್ದೆ ಕಚ್ತಾರೆ ಕಣೇ."

ಎಲ್ಲಕ್ಕಿಂತ ಹೆಚ್ಚಿನ ಗುಮಾನಿ ಎದುರುಮನೆಯ ಗಡಿಯಾರ ರಿಪೇರಿಯ ಎರ್ವಿನ್ ಮೇಲೆ. ಜರ್ಮನಿಯಲ್ಲಿ ಹುಟ್ಟಿದವನು, ಬ್ರೆಜಿಲಿಗೆ ಬಂದು ಇಪ್ಪತ್ತು ವರ್ಷ. ಕಿಟಕಿಯಲ್ಲಿ ಕೂತು ನಮ್ಮ ಹುಲ್ಲುಗಾವಲನ್ನೇ ನೋಡುತ್ತಾನೆ ಎಂದು ಅತ್ತೆ ಬೀದಿಗೆಲ್ಲ ಸಾರಿದ್ದಳು.

ಒಂದು ಬುಧವಾರ ಅವನು ಬ್ರೆಡ್ ಅಂಗಡಿಯಲ್ಲಿ, "ನಾಳೆ ವಿಮಾನಗಳು ಹೊರಡ್ತವೆ, ಬೆಳಗಿನ ನಿದ್ದೆ ಆಸೆ ಬಿಡಿ" ಎಂದನಂತೆ. ಮಾರನೆಯ ದಿನ ನಿಜಕ್ಕೂ ಆಫ್ರಿಕಾದ ಕಡೆಗೆ ಹೊರಟವು. ಶುಕ್ರವಾರ ಪೊಲೀಸರು ಅವನನ್ನು ಗೂಢಚಾರನೆಂದು ಎಳೆದೊಯ್ದರು. ಗುಟ್ಟು ಹೇಳಿದವರು ಯಾರೆಂದು ಎಷ್ಟು ಕೇಳಿದರೂ ಅವನು ಬಾಯಿ ಬಿಡಲಿಲ್ಲ.

"ನಾನು ಅವತ್ತೇ ಹೇಳಿರ್ಲಿಲ್ವಾ?" ಎಂದು ಅತ್ತೆ ಬೀಗಿದಳು.

ಮರುವಾರ ನಾಲ್ವರು ಸೈನಿಕರು ಜೀಪಿನಲ್ಲಿ ಬಂದು, ಇನ್ನೂ ಒದ್ದೆಯಿದ್ದ ಬಟ್ಟೆಗಳನ್ನೇ ಬಾಚಿಕೊಂಡು ಹೋದರು.

"ನಾಳೆ ಹಾರ್ತಾರೆ ಬಿಡು ಅತ್ತೆ," ಎಂದೆ ನಾನು. "ಹೋದ್ಸಲಾನೂ ಹೀಗೇ ಹಿಂದಿನ ದಿನ ಬಂದು ಬಾಚ್ಕೊಂಡು ಹೋಗಿದ್ರಲ್ಲ."

ಅತ್ತೆ ಬಟ್ಟೆಗಳಿಲ್ಲದೆ ಬೋಳಾದ ಹುಲ್ಲನ್ನು ನೋಡಿದಳು. ಎರ್ವಿನ್‌ನ ಮುಚ್ಚಿದ ಕಿಟಕಿಯನ್ನು ನೋಡಿದಳು. ಗುಟ್ಟು ಬಿಟ್ಟುಕೊಟ್ಟವರು ನಾವೇ.

"ಬಾಯಿ ಮುಚ್ಚು," ಎಂದಳು.

ಎರಡು ದಿನ ಅವಳಿಗೆ ಊಟ ಸೇರಲಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ, ಸುಮ್ಮನಿದ್ದರೆ ಅವನು ಜೈಲಿನಲ್ಲಿ ಕೊಳೆಯುತ್ತಾನೆ. ಮೂರನೆಯ ದಿನ ಇಗರ್ಜಿಗೆ ಉಡುವ ಬಟ್ಟೆ ಉಟ್ಟು, ನನ್ನನ್ನೂ ಕರೆಯದೆ, ಠಾಣೆಗೆ ಹೋಗಿ ಎಲ್ಲ ಹೇಳಿದಳು.

ಎರ್ವಿನ್‌ನನ್ನು ಬಿಟ್ಟರು. ಸೈನ್ಯದವರು ಹೊರಗೆ ಬಟ್ಟೆ ಕೊಡುವುದನ್ನೇ ನಿಲ್ಲಿಸಿದರು. ಕೆರೆಯಲ್ಲಿ ಅದೇ ಕೆಲಸ ಮಾಡುತ್ತಿದ್ದ ಹೆಂಗಸರೆಲ್ಲ ಅತ್ತೆಗೆ ಹಿಡಿಶಾಪ ಹಾಕಿದರು. ಸುಳ್ಳೇಕೆ, ನಾನೂ ಹಾಕಿದೆ.

ಸೋಮವಾರ ಎರ್ವಿನ್ ಬಟ್ಟೆಯ ಗಂಟು ಹಿಡಿದು ಬಾಗಿಲಿಗೆ ಬಂದ. ಅರ್ಧಕ್ಕರ್ಧ ಇಳಿದುಹೋಗಿದ್ದ.

"ಹುಲ್ಲು ನೋಡಿ ಗೊತ್ತಾಯ್ತು ಅಂತ ಮೊದಲ ದಿನಾನೇ ಹೇಳೋಕೇನ್ರೀ ರೋಗ?" ಎಂದು ಅತ್ತೆ ರೇಗಿದಳು.

"ಹೇಳಿದ್ರೆ ನನ್ನ ಬದ್ಲು ನಿಮ್ಮನ್ನ ಹಿಡೀತಿದ್ರಲ್ಲಮ್ಮ."

ಅತ್ತೆ ಕೈ ಚಾಚಿದಳು. ಆ ಗಂಟನ್ನು ಬಿಚ್ಚದೆ, ಗುಂಡಿ ಎಣಿಸದೆ, ಹಾಗೇ ಒಳಗೆ ತೆಗೆದುಕೊಂಡು ಹೋದಳು.