ತಾನಾಗಿಯೇ ಜಜ್ಜಿಹೋದ ನಿಂಬೆಹಣ್ಣು

ಅರಬ್ ನಾಡಿನ ಅಲ್ ಕುಸೈಸ್‌ನ ಡೀಲರ್ ಅಂಗಳದಲ್ಲಿ, ಕಾರಿನ ಹಿಂದೆ ಎಳೆಯುವ ಮನೆಯಂಥ ಹೊಸ ಕ್ಯಾರವಾನಿನ ಪೂಜೆಗೆಂದು, ಚಕ್ರಕ್ಕೆ ಅಡ್ಡ ಕೊಟ್ಟಿದ್ದ ಕಲ್ಲು ತೆಗೆಸಿ ಅಲ್ಲಿ ನಿಂಬೆಹಣ್ಣು ಇಟ್ಟೆ. ಕಾರಿಗೆ ಇನ್ನೂ ಕಟ್ಟಿರಲಿಲ್ಲ, ಯಾರೂ ತಳ್ಳಲಿಲ್ಲ. ಆದರೂ ಗಾಡಿ ಜರುಗಿ ಹಣ್ಣು ಪಚಕ್ಕೆಂದಿತು. ಎದುರಿಗೆ ಆರತಿ ಹಿಡಿದಿದ್ದ ಸೊಸೆಯನ್ನು ಮಗ ಪಕ್ಕಕ್ಕೆಳೆದ. ಕೆಲಸದವರು ಓಡಿಬಂದು ಮತ್ತೆ ಕಲ್ಲು ಕೊಟ್ಟರು.

"ಬ್ರೇಕ್ ಹಾಕಿಯೇ ಉಂಟು ಅಮ್ಮ, ನೆಲ ಸ್ವಲ್ಪ ಇಳಿಜಾರು," ಎಂದ ನಮ್ಮೂರ ಕಡೆಯ ಸೇಲ್ಸ್‌ಮನ್.

"ಹಾಗಾದ್ರೆ ನೀನೇ ಎದುರು ನಿಲ್ಲು ಮಾರಾಯ, ಕಲ್ಲು ತೆಗೀತೇನೆ," ಎಂದೆ.

ಅವನು ನಿಲ್ಲಲಿಲ್ಲ. ಮಾಲೀಕ ಬಂದು ತಾನೇ ಬ್ರೇಕ್ ಎಳೆದು ನೋಡಿದ; ಅದು ಹಿಡಿಯಲೇ ಇಲ್ಲ. "ಖಲಾಸ್, ಇದನ್ನು ಕೊಡುವುದಿಲ್ಲ," ಎಂದು ಫ್ಯಾಕ್ಟರಿಗೆ ವಾಪಸ್ ಕಳಿಸಿದ. ಆಮೇಲೆ ಬೇರೆ ಗಾಡಿಯನ್ನು ಇಳಿಜಾರಿನಲ್ಲಿ ನಿಲ್ಲಿಸಿ ತೋರಿಸಿಯೇ ಕೊಟ್ಟ.

ಅದರಲ್ಲಿ ಈಗ ನೆಮ್ಮದಿಯಾಗಿ ಮಲಗುತ್ತೇನೆ. ಪೂಜೆಗೆ ನಕ್ಕಿದ್ದ ಮಗ ಎಲ್ಲಿ ನಿಲ್ಲಿಸಿದರೂ ಚಕ್ರದಡಿ ನಿಂಬೆಹಣ್ಣು ಇಡುತ್ತಾನೆ. ದೇವರಿಗಲ್ಲ, ಬ್ರೇಕ್ ನೋಡಲಿಕ್ಕೆ.