ಇಬ್ಬರ ತೂಕ

ಮೂವತ್ತು ವರ್ಷ ಬಸ್ಸಿನ ಕಂಡಕ್ಟರಾಗಿದ್ದ ಮಾವನಿಗೆ ಈಗ ದಿನಾ ಮನೆಯಲ್ಲೇ ಡಯಾಲಿಸಿಸ್, ಬೆಳಗಾದರೆ ತೂಕ, ಬಿಪಿ, ಹೊಟ್ಟೆಯಿಂದ ಇಳಿದ ನೀರಿನ ಅಳತೆ ಎಲ್ಲವನ್ನೂ ಆಸ್ಪತ್ರೆಯ ಆ್ಯಪಿಗೆ ಹಾಕಿ, ಹಸಿರು ಗುರುತು ಬಂದ ಮೇಲೆ “ರೈಟ್, ರೈಟ್!” ಎಂದು ಗೋಡೆಗೆ ಎರಡು ಸಲ ಬಡಿದರೇ ಅವರ ದಿನ ಹೊರಡುವುದು. ಯಾರಾದರೂ ಹೇಗಿದ್ದೀರಿ ಎಂದರೆ “ತಡೀರಿ, ನೋಡಿ ಹೇಳ್ತೀನಿ” ಎಂದು ಕನ್ನಡಕ ಹುಡುಕುತ್ತಾರೆ. ನೆಗಡಿಯಾದರೂ ಫೋನು ಒಪ್ಪದೆ ಸೀನುವವರಲ್ಲ. ಸೊಸೆ ಇದಕ್ಕೆಲ್ಲ ನಗುತ್ತಿದ್ದಳು, ಅವರು ತಮ್ಮದನ್ನು ಮುಗಿಸಿ ಅದೇ ಆ್ಯಪಿನಲ್ಲಿ ತಮ್ಮ ಅಕ್ಕನ ಪುಟ ತೆರೆದು ಅಂಕಿ ತುಂಬುವುದನ್ನು ನೋಡುವವರೆಗೆ. ಅದೇ ಕಾಯಿಲೆಯಿದ್ದ ಅಕ್ಕ ಇದೇ ಮನೆಯಲ್ಲಿ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಸಾವಿನ ಸುದ್ದಿಯನ್ನು ಆಸ್ಪತ್ರೆಗೆ ತಿಳಿಸುವ ಕೆಲಸವನ್ನು ಮಾವನೇ ವಹಿಸಿಕೊಂಡಿದ್ದರು. “ಮಾವ, ಇದನ್ಯಾಕೆ ಇನ್ನೂ ಬರೀತಿದ್ದೀರಿ?” ಎಂದಳು ಸೊಸೆ. “ಅವಳು ಹೇಳ್ತಾಳಲ್ಲಮ್ಮ, ಬರ್ಕೊಳ್ದೆ ಇರೋದು ಹೇಗೆ?” ಎಂದರು ಮಾವ. ಅವಳು ಮರುಮಾತಾಡುವಷ್ಟರಲ್ಲಿ ಆಸ್ಪತ್ರೆಯಿಂದ ನರ್ಸ್ ಫೋನ್ ಮಾಡಿದಳು. ಮಾವ ಎಂದಿನಂತೆ ಸ್ಪೀಕರ್ ಹಾಕಿದರು. “ನಿಮ್ಮಕ್ಕನ ತೂಕ ಎರಡು ಕೆಜಿ ಜಾಸ್ತಿ ಬಂದಿದೆ. ಕಾಲು ಊದಿದೆಯಾ? ಅವರಿಗೇ ಕೊಡಿ, ಕೇಳ್ತೀನಿ.” ನಿಜ ಹೇಳಿಬಿಡೋಣವೆಂದು ಸೊಸೆ ಬಾಯಿ ತೆರೆದಳು. ಮಾವ ಆಗಲೇ ಫೋನನ್ನು ಕಿಟಕಿ ಪಕ್ಕದ ಖಾಲಿ ಕುರ್ಚಿಯತ್ತ ಹಿಡಿದಿದ್ದರು. ಕೋಣೆಯಲ್ಲಿ ಒಂದು ಶಬ್ದವೂ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನರ್ಸ್ ಅಂದಳು: “ಸರಿ ಅಮ್ಮ, ಹಾಗಾದ್ರೆ ಇವತ್ತು ನೀರು ಕಡಿಮೆ ಕುಡೀರಿ. ಗಾಬರಿ ಆಗ್ಬೇಡಿ, ನಿಮ್ಮ ದನಿ ಗಟ್ಟಿಯಾಗೇ ಇದೆ.”